ಕೊನೆಯ ಪುಟದ ಹೆಸರು

ಖಡಕಿ, ಪುಣೆ
೯ ಜನವರಿ ೧೯೪೩

ಸೌಭಾಗ್ಯವತಿ ಗೋದಾಗೆ, ಬೈಯುವುದಿದ್ದರೂ ಪೂರ್ತಿ ಓದಿ ಬೈಯೆಂಬ ವಿನಂತಿಯೊಂದಿಗೆ,

ನೀನು ಧಾರವಾಡದ ತವರಿಗೆ ಹೋಗಿ ಒಂದು ವರ್ಷವಾಯಿತು. ನೀನು ಬರೆಯಲಿಲ್ಲ, ಹಟಕ್ಕೆ ನಾನೂ ಬರೆಯಲಿಲ್ಲ. ಈಗ ಹೆದರಿಕೆಯಾಗಿ ಬರೆಯುತ್ತಿದ್ದೇನೆ.

ನಮ್ಮ ಛಾಪಖಾನೆಗೆ ಮಿಲಿಟರಿಯ ಕೆಲಸ ಸಿಕ್ಕಿದೆ: ಇಟಲಿಯ ಕೈದಿಗಳ ಶಿಬಿರಕ್ಕೆ ವಾರಕ್ಕೊಂದು ಸುದ್ದಿಪತ್ರಿಕೆ. ಇಂಗ್ಲಿಷರ ಸುದ್ದಿಯನ್ನು ಕೈದಿಗಳು ನಂಬುವುದಿಲ್ಲ. ಸ್ಪೇನ್ ಯುದ್ಧದಲ್ಲಿಲ್ಲವಾದ್ದರಿಂದ ಅಲ್ಲಿನ ಪತ್ರಿಕೆಯನ್ನು ನಂಬುತ್ತಾರಂತೆ. ಹಾಗಾಗಿ ಸ್ಪ್ಯಾನಿಷ್ ಸುದ್ದಿ ಇಟಾಲಿಯನ್ನಿಗೆ ಬರಬೇಕು. ಭಾಷಾಂತರಕಾರ ಇದ್ದಾನೆಯೇ ಎಂದು ಕ್ಯಾಪ್ಟನ್ ಕೇಳಿದ. "ಅದಾನ್ರಿ, ಇದೇ ಕಸಬಿನವ" ಎಂದೆ. ಆಮೇಲೆ ಹುಡುಕಲು ಹೊರಟೆ.

ಗೋವೆಯ ಮಾಸ್ತರರು ತಮಗೆ ಬರುವುದು ಪೋರ್ಚುಗೀಸ್ ಎಂದು ಬಾಗಿಲು ಹಾಕಿಕೊಂಡರು. ಪಾದ್ರಿಯೊಬ್ಬರು ಯುದ್ಧದ ಕೆಲಸ ಮುಟ್ಟುವುದಿಲ್ಲವೆಂದರು. ಕಡೆಗೆ ಸಿಕ್ಕವನು ಭುಜಂಗ, ಕುಂದಾಪುರದ ಕಡೆಯವ, ಇಲ್ಲಿನ ಖಾನಾವಳಿಯ ಅಡಿಗೆಯವ. ಹದಿನಾಲ್ಕು ವರ್ಷ ಜಿನೋವಾದಿಂದ ಬ್ಯೂನಸ್ ಐರಿಸ್‌ಗೆ ಹೋಗುವ ಹಡಗಿನಲ್ಲಿ ಸೌಟು ಹಿಡಿದಿದ್ದಾನೆ; ಎರಡೂ ಭಾಷೆ ಓದಿ ಬರೆಯುತ್ತಾನೆ. ಒಂದು ಕೋಟು ಹೊಲಿಸಿಕೊಟ್ಟೆ, ಕಸಬಿನವನಾದ.

ಆ ಭಾಷೆಗಳು ನನಗೆ ಬಾರವು, ಅಂಕಿ ಬರುತ್ತದೆ. ಮೊನ್ನೆ ಎರಡೂ ಕಾಗದ ಪಕ್ಕಪಕ್ಕ ಇಟ್ಟು ತಾಳೆ ನೋಡಿದೆ. ಸ್ಪ್ಯಾನಿಷಿನಲ್ಲಿ ಜಿನೋವಾದ ಸುದ್ದಿಯೊಳಗೆ ೪೧ ಎಂದಿದೆ, ಇಟಾಲಿಯನ್ನಿನಲ್ಲಿ ಇಲ್ಲ. ಹಳೆಯ ಆರು ಸಂಚಿಕೆ ತೆಗೆದೆ. ಅಲ್ಲಿಯೂ ಅಂಕಿಗಳು ನಾಪತ್ತೆ. ಇನ್ನೇನು ಗುಟ್ಟು ಸೇರಿಸಿದ್ದಾನೋ ಎಂದು ಎಲ್ಲವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಕೇಳಿಯೇಬಿಟ್ಟೆ. "ಬಾಂಬಿಗೆ ಸತ್ತೋರ ಲೆಕ್ಕ ಅದು ಮಾರಾಯ್ರೆ," ಎಂದ. "ಆ ಬೀದಿಯೋರೇ ಇಬ್ರು ಶಿಬಿರದ ತಂತಿಬೇಲಿ ಒಳಗಿದ್ದಾರೆ. ಅವ್ರ ಕೈಗೆ ಪತ್ರಿಕೆ ಕೊಡೂದು ನಾನೇ ಅಲ್ದಾ?"

"ಬರೀಯೋ ತಮ್ಮಾ, ಇಲ್ಲಂದ್ರ ಜೈಲ್ ಅದ" ಎಂದೆ.

"ಹಾಂಗಾರೆ ಬೇರೆಯವ್ರನ್ನ ಹುಡ್ಕಿ" ಎಂದ. ಇಡೀ ಪುಣೆಯಲ್ಲಿ ನನಗೆ ಬೇರೆಯವರು ಸಿಕ್ಕುವುದಿಲ್ಲವೆಂದು ಅವನಿಗೂ ಗೊತ್ತು.

ಸೋಮವಾರ ಮುಂಬಯಿಯಿಂದ ಇಟಾಲಿಯನ್ ಬಲ್ಲ ಅಧಿಕಾರಿ ಬಂದು ಎಲ್ಲ ಸಂಚಿಕೆ ಪರೀಕ್ಷಿಸುತ್ತಾನಂತೆ. ಸುದ್ದಿ ಮುಚ್ಚಿಟ್ಟರೆ ಮೊದಲು ಹಿಡಿಯುವುದು ಕೊನೆಯ ಪುಟದಲ್ಲಿ ಹೆಸರಿರುವ ಮುದ್ರಕರನ್ನು. ಆ ಹೆಸರು ನಿನ್ನದು, ಗೋದಾ. ನನ್ನ ಹೆಸರಿನ ಛಾಪಖಾನೆ ಒಮ್ಮೆ ಜಪ್ತಿಯಾಗಿತ್ತು, ಬೇರೆ ದಾರಿ ಇರಲಿಲ್ಲ. ಮುದ್ರಕರು ನೀನೆಂಬ ಕಾಗದಕ್ಕೆ ನೀನು ಓದಿಯೇ ಸಹಿ ಮಾಡಿದೆಯೆಂದು ನೀನು ತವರಿಗೆ ಹೊರಟ ದಿನವೂ ಹೇಳಿದೆ, ಇಂದೂ ಹೇಳುತ್ತೇನೆ.

ಬೂಟಿನ ಸದ್ದು ಕೇಳಿದರೆ ಅಚ್ಚಿನ ಮೊಳೆ ಜೋಡಿಸುವ ಮೇಜಿನ ಹಿಂದೆ ಸರಿದು ನಿಲ್ಲುತ್ತೇನೆ. ದಂಡಿನ ಊರಾದ ಖಡಕಿಯಲ್ಲಿ ದಿನವಿಡೀ ಬೂಟಿನ ಸದ್ದೇ. ನೀನು ಹೆದರಬೇಡ. ಬರೆಯಲು ಬಿಟ್ಟರೆ ಮಂಗಳವಾರ ಬರೆಯುತ್ತೇನೆ.

ನೀನು ಬೇಡವೆಂದರೂ ನಿನ್ನವನೇ ಆದ
ಏಕನಾಥ

ತಾ.ಕ.: ಜೊತೆಗಿರುವುದು ಇಂದು ಮ್ಯಾಜಿಸ್ಟ್ರೇಟರಿಗೆ ಕೊಟ್ಟ ಹೇಳಿಕೆಯ ನಕಲು. ಪೊಲೀಸರು ಬಂದರೆ ತೋರಿಸು. ಅಂಕಿಗಳನ್ನು ತೆಗೆಸಿದವನು ನಾನೇ ಎಂದು ಬರೆದಿದ್ದೇನೆ. ಭುಜಂಗ ಜೈಲಿಗೆ ಹೋದರೆ ಖಾನಾವಳಿಯ ಸಾರು ಕೆಡುತ್ತದೆ. ಎರಡನೆಯ ಸಾಲು ಹೀಗಿದೆ: "ಮನೆಬಾಡಿಗೆಯ ಕರಾರೆಂದು ಸುಳ್ಳು ಹೇಳಿ, ಕಾಗದ ಮಡಿಸಿ ಹಿಡಿದು ಹೆಂಡತಿಯ ಸಹಿ ಪಡೆದೆ." ವರ್ಷವಿಡೀ ನಿನಗೆ ಹೇಳಲಾಗದ್ದನ್ನು ಅಲ್ಲಿನ ಕಾರಕೂನನ ಎದುರು ಒಂದೇ ಉಸಿರಿಗೆ ಹೇಳಿದೆ. ಮೇಲೆ ಬರೆದ ಸುಳ್ಳನ್ನು ಹೊಡೆದುಹಾಕಿ ಓದು.