ಪೆಟ್ಟಿಗೆಗೆ ಸೇರದ ಪ್ಲಗ್ಗು

ಹುಣಸಗಿ

ಮನೆ ಮಾಲೀಕರಾದ ಸಂಗಣ್ಣನವರಿಗೆ ಕರೆಮ್ಮನ ಶರಣು.

ಕರೆಂಟಿನ ದರ ನೋಡಿ ಮನೆಯ ಮಷೀನುಗಳನ್ನು ನಡೆಸಲೆಂದು ನೀವು ಕೂರಿಸಿದ ಪೆಟ್ಟಿಗೆಯನ್ನು ಮೊದಲು ಬೈದುಕೊಂಡಿದ್ದೆ. ಈಗ ಒಗ್ಗಿದೆ. ಸಂಜೆ ಕರೆಂಟಿನ ದರ ಏರಿದ ಕೂಡಲೇ ಫ್ರಿಜ್ಜು, ಕೂಲರ್ರು ತಾವೇ ಬಂದ್ ಆಗುತ್ತವೆ. ಹಗಲು ದರ ಇಳಿದಾಗ ನೀರಿನ ಮೋಟರ್ ತಾನೇ ಓಡುತ್ತದೆ.

ಅವತ್ತು ನೀವು, “ದರ ಎಷ್ಟಾರ ಏರ್ಲಿ ತಂಗಿ, ಅಂಬ್ರಪ್ಪನ ಉಸಿರಿನ ಮಷೀನ್ ಬಂದ್ ಆಗಬಾರ್ದು” ಎಂದು ಆ ಒಂದು ಪ್ಲಗ್ಗನ್ನು ಪೆಟ್ಟಿಗೆಗೆ ಸೇರಿಸಲಿಲ್ಲ. ನಮ್ಮ ಮನೆಯವರು ತಮ್ಮ ಕೊನೆಯ ದಿನವೂ ಅದನ್ನೇ ನೆನೆದು ನಿಮಗೆ ಕೈ ಮುಗಿದರು.

ಮಷೀನನ್ನು ಕಡೇಚೂರಿನ ರೋಗಿಯೊಬ್ಬರಿಗೆ ಕೊಟ್ಟಿದ್ದೇನೆ. ಸಂಜೆ ಎಲ್ಲ ಬಂದ್ ಆದಾಗ ಈಗ ಅದರ ಸದ್ದೂ ಇಲ್ಲ.

ನಿಮಗೆಂದು ಕಾಲುವೆ ಗದ್ದೆಯ ಹೊಸ ಅಕ್ಕಿ ತೆಗೆದಿಟ್ಟಿದ್ದೇನೆ. ಒಯ್ಯಲು ಬಂದಾಗ ಆ ಪ್ಲಗ್ಗನ್ನೂ ಪೆಟ್ಟಿಗೆಗೆ ಸೇರಿಸಿಬಿಡಿ. ಅವಸರವೇನಿಲ್ಲ.

ನಿಮ್ಮ ಬಾಡಿಗೆ ಮನೆಯ ತಂಗಿ,
ಕರೆಮ್ಮ