ಒಂದು ಮನೆಗೆ ಒಬ್ಬರು

5-7-2004, ಸೋಮವಾರ. ಬೆಳಿಗ್ಗೆ 6
ತಂಗಿ ಮಗಳು ಇಂದ್ರಾಣಿಗೆ ಕಾಗದ ಮುಗಿಸಿದೆ. ಮೊದಲ ಬಸ್ಸಿಗೆ ನಂಜನಗೂಡಿಗೆ ಹೋಗಿ ಡಬ್ಬಕ್ಕೆ ಹಾಕಬೇಕು. ಮೊಮ್ಮಗಳು ಕವನ ಸ್ಕಾಟ್ಲೆಂಡಿನಲ್ಲಿ ಪಿಎಚ್.ಡಿ. ಸೀಟು ಗಿಟ್ಟಿಸಿದ ಸುದ್ದಿ— ನೆಂಟರಿಗೆ ಇದು ಒಂಬತ್ತನೇ ಕಾಗದ. ಸೀಟೇನೋ ಸಿಕ್ಕಿತು. ಕಳಿಸೋದು ಸರ್ಕಾರದ ಸ್ಕಾಲರ್‌ಶಿಪ್ಪೇ ಆಗಬೇಕು, ನಮ್ಮ ಕೈಲೆಲ್ಲಿ... ದೆಹಲಿಗೆ ಅರ್ಜಿ ಹೋಗಿ ಎರಡು ತಿಂಗಳು. ಅವಳಿಗೆ ಮೂವತ್ತು ತುಂಬಿತು. ಇನ್ನೂ ಕಾಲೇಜಲ್ಲಿ ಪಾರ್ಟ್‌ಟೈಮ್ ಪಾಠ.

19-7
ದೆಹಲಿ ಕಾಗದ ಬಂತು. ಇಂಗ್ಲಿಷು. ಶಾಲೆ ಮೆಟ್ಟಿಲು ಹತ್ತದೆ ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಇದನ್ನು ಓದೋಕೇನಾ. ಒಂದೇ ತಂದೆತಾಯಿ ಮಕ್ಕಳಲ್ಲಿ ಒಬ್ಬರಿಗೆ ಮಾತ್ರವಂತೆ. ಇವಳ ತಮ್ಮ ರವಿಕುಮಾರ್ 97ರಲ್ಲಿ ತಗೊಂಡಿದ್ದಾನೆ. ಆದ್ದರಿಂದ ಇಲ್ಲ.
ತಗೊಂಡ! ಐದು ತಿಂಗಳು ಹೊರದೇಶದಲ್ಲಿದ್ದ. ಸ್ಟೈಪೆಂಡ್ ತಡ, ಚಳಿ, ಅರೆಹೊಟ್ಟೆ. ಪರೀಕ್ಷೆಗೂ ಕೂರದೆ ವಾಪಸ್.
ಮನೆಗೊಂದು ರೇಷನ್ ಕಾರ್ಡು. ಓದೂ ಹಾಗೇ.

20-7
ತಿ. ನರಸೀಪುರದಿಂದ ಅಳಿಯ ಚಿಕ್ಕಸ್ವಾಮಿ ಬಂದ.
“ಮಾವ, ಒಂದ್ ಅಫಿಡವಿಟ್ ಮಾಡ್ಸುವಾ. ಕವನನ್ನ ಚಿಕ್ಕೋಳಿದ್ದಾಗ್ಲೇ ನಂಗೆ ದತ್ತು ಕೊಟ್ಟಿದ್ರಿ ಅಂತ. ನೋಟರಿ ನಮ್ಮೋನೇ.”
ಕವನ ನಕ್ಕಳು. “ಮೂರು ಮಕ್ಳು ಸಾಲ್ದು ಅಂತ ನನ್ನೂ ಸೇರಿಸ್ಕತೀಯಾ ಮಾವ? ಓದಕ್ಕೆ ಹೋಗ್ಬೇಕು ಅಂದ್ರೆ ಅಪ್ಪನ್ನೇ ಬಿಟ್ಬಿಡ್ಬೇಕಾ?”
ಅವಳಪ್ಪ, ನನ್ನ ಮಗ ಮಾರಯ್ಯ, ಎದ್ದು ಹೊರಗೆ ಹೋದ.

25-7, ಭಾನುವಾರ
ರವಿಗೆ ಫ್ಯಾಕ್ಟರಿ ರಜೆ. ತಟ್ಟೆ ಮುಟ್ಟಲಿಲ್ಲ.
“ನಿನ್ನ ದಾರಿ ನಾನೇ ಮುಚ್ಚಿದೆ ಕಣಕ್ಕ.”
“ಸುಮ್ಕೆ ಉಣ್ಣೋ. ಇಬ್ರೂ ಅರ್ಜಿ ಹಾಕಿದ್ವಿ. ನಿನ್ನ ಆರಿಸಿದ್ರು, ನನ್ನ ಬಿಟ್ರು. ದೆಹಲೀಲಿ ಕೂತಿದ್ದೋನು ನೀನಾ?”
ಅರ್ಧ ಮುದ್ದೆ ಬಿಟ್ಟು ಎದ್ದವನು ನಾನು.
ದೆಹಲಿಯವರು ಅವಳನ್ನು ಬಿಡಲಿಲ್ಲ. ನೋಡಲೇ ಇಲ್ಲ. ಅವತ್ತು ಇಬ್ಬರ ಅರ್ಜಿಯನ್ನೂ ತುಂಬಿದವನು ನಾನು. ಒಬ್ಬರಿಗೆ ಮಾತ್ರ ಅನ್ನೋದನ್ನು ಆಗಲೇ ಓದಿದ್ದೆ. ಎರಡೂ ಹೋದರೆ ಎರಡೂ ಬಿದ್ದುಹೋದಾವು ಅಂತ ಭಯ. ಗಂಡುಹುಡುಗ ಹೋಗಲಿ ಅಂತ ಅವನದನ್ನು ಪೋಸ್ಟ್ ಮಾಡಿದೆ. ಅವಳದನ್ನು ನೀರೊಲೆಗೆ ಹಾಕಿದೆ. ಮಾರ್ಕ್ಸು ಅವಳದೇ ಜಾಸ್ತಿ ಇತ್ತು. ಆರು ತಿಂಗಳು ಬಿಟ್ಟು, “ನಿಂದು ಬರ್ಲಿಲ್ಲ ಕಣವ್ವ” ಅಂದೆ. ಸಮಾಧಾನ ಬೇರೆ ಮಾಡಿದೆ.
ಏಳು ವರ್ಷದಲ್ಲಿ ರೂಲ್ಸು ಬದಲಾಗಿರುತ್ತೆ ಅಂದುಕೊಂಡಿದ್ದೆ...

8-8, ಭಾನುವಾರ. ಬೆಳಿಗ್ಗೆ 10
ಹದಿನೈದು ದಿನ ಯಾರಿಗೂ ಕಾಗದ ಬರೆಯಲಿಲ್ಲ.
ಕವನ ಅಪೀಲು ಹಾಕುತ್ತಾಳಂತೆ. ಪೆನ್ನು ತಂದು ಕೈಗೆ ಕೊಟ್ಟಳು.
“ತಾತ, ನೀನು ಕನ್ನಡದಲ್ಲಿ ಬರಿ, ನಾನು ಇಂಗ್ಲಿಷ್ ಮಾಡ್ಕತೀನಿ. ನಿನ್ನಂಗೆ ಅರ್ಜಿ ಬರೆಯೋರು ಈ ಸೀಮೇಲೇ ಇಲ್ಲ. ಮೊದ್ಲು ಅದನ್ನೇ ಹಾಕು— ಅವತ್ತು ನನ್ನ ಬಿಟ್ಟು ಅನ್ಯಾಯ ಮಾಡುದ್ರು ಅಂತ.”
ಕರಡು ಈ ಡೈರಿಯಲ್ಲೇ ಬರೀತೀನಿ ಅಂದೆ. ಎದುರಿಗೇ ಕೂತಿದ್ದಾಳೆ.
ಮಾನ್ಯರೇ, 1997ರಲ್ಲಿ ನನ್ನ ಅರ್ಜಿಯನ್ನು