ಒಳತೋಟದಲ್ಲಿ ಗಿಡುಗನ ಕೂಗು

ಅಲ್ ಮುರಕ್ಕಬಾತ್, ದುಬೈ
೧೪ ಆಗಸ್ಟ್ ೨೦೨೫, ಗುರುವಾರ

ಅವ್ವಾ,

ನಿನ್ನ ಗಾನವಿ ಇಲ್ಲಿಂದಲೇ ನಿನ್ನ ಪಾದಕ್ಕೆ ಹಣೆ ಹಚ್ಚುತ್ತಾಳೆ. ಮೊಣಕಾಲಿನ ಬಾವು ಇಳಿಯಿತೇ? ಬಿ.ಪಿ. ಗುಳಿಗೆ ದಿನಾ ನುಂಗುತ್ತಿದ್ದೀಯೋ, ನೆನಪಾದಾಗ ಮಾತ್ರವೋ? ಧನುಷ್ ಹೋದ ಮೇಲೆ ನೀನು ರೊಟ್ಟಿ ಬಿಟ್ಟು ಬರೀ ಗಂಜಿ ಕುಡಿಯುತ್ತಿದ್ದೀ ಎಂದು ಪಕ್ಕದ ಮನೆಯ ಖತೀಜಮ್ಮ ಫೋನಿನಲ್ಲಿ ಹೇಳಿದರು. ಹಾಗೆ ಮಾಡಬೇಡ. ನಿನ್ನ ಗಂಟಲಲ್ಲಿ ಬಲ ಇರಬೇಕು, ಯಾಕೆಂದು ಮುಂದೆ ಹೇಳುತ್ತೇನೆ. ಖತೀಜಮ್ಮಾ, ಈ ಕಾಗದ ಓದುತ್ತಿರುವವರೂ ನೀವೇ. ಅಂಗನವಾಡಿಯಲ್ಲಿ ನನಗೂ ನನ್ನ ತಮ್ಮ ಧನುಷ್‌ಗೂ ಅಕ್ಷರ ಕಲಿಸಿದವರು ನೀವು. ಒಂದು ಸಾಲನ್ನೂ ನುಂಗಬೇಡಿ. ಅವ್ವ ಅತ್ತರೆ ನಿಲ್ಲಿಸಿ, ನೀರು ಕೊಟ್ಟು, ಮತ್ತೆ ಅದೇ ಸಾಲಿನಿಂದ ಓದಿ. ಫೋನಿನಲ್ಲಿ ಹೇಳೋಣವೆಂದರೆ ನಾಲ್ಕು ಸಲವೂ ನಾಲಿಗೆ ಏಳಲಿಲ್ಲ. ನಮ್ಮ ಹೋಟೆಲ್ಲಿನ ಲಾಂಡ್ರಿಯ ಮೆಲ್ವಿನ್ ರಜೆಗೆ ಹೊರಟಿದ್ದಾನೆ. ಅವನ ಮನೆ ಮಂಗಳೂರು, ಆದರೂ "ನಿಮ್ಮ ಅಮ್ಮನ ಕೈಗೆ ಕೊಡದೆ ನಾನು ಮನೆಗೆ ಹೋಗುದಿಲ್ಲ ಮಾರಾಯ್ತಿ" ಎಂದು ಈ ಲಕೋಟೆ ಕಿಸೆಗೆ ಇಟ್ಟುಕೊಳ್ಳಲು ಒಪ್ಪಿದ್ದಾನೆ. ಉಣ್ಣಿಸಿ ಕಳಿಸು. ಕೆಂಪು ಚಟ್ನಿ ಮಾತ್ರ ಕೈತಡೆದು ಬಡಿಸು, ನಾನು ತಂದದ್ದನ್ನು ಒಮ್ಮೆ ತಿಂದು ಅರ್ಧ ದಿನ ಬಿಕ್ಕಳಿಸಿದ್ದಾನೆ.

"ಮರಳಗಾಡಾಗ ತ್ವಾಟ ಮಾಡ್ತೀರಂತ, ನೀರೆಲ್ಲಿಂದ ತರ್ತೀರಿ?" ಎಂದು ಎಷ್ಟು ಸಲ ಕೇಳಿದ್ದೀ. ನಮಗೆ ನೀರಿನ ಚಿಂತೆ ಇರಲಿಲ್ಲ ಅವ್ವ, ಚಳಿಯ ಚಿಂತೆ. ಹೋಟೆಲ್ಲಿನ ಹೊಟ್ಟೆಯೊಳಗೆ, ಗಾಜಿನ ಚಾವಣಿಯ ಕೆಳಗೆ, ನಾವು ಮಾಡಿದ್ದು ಮಳೆಕಾಡು. ಹೊರಗೆ ನಲವತ್ತೇಳು ಡಿಗ್ರಿ. ಒಳಗೆ, ಕೋಟು ತೊಟ್ಟವರು ಬೆವರಬಾರದೆಂದು, ಹತ್ತೊಂಬತ್ತು. ಬಾಳೆ, ಕೆಸು, ಶುಂಠಿ ಜಾತಿಯ ಹೂಗಿಡ ಎಲ್ಲವೂ ಸೆಕೆಯಲ್ಲಿ ಹುಟ್ಟಿದ ಜೀವಗಳು. ಎ.ಸಿ. ಗಾಳಿ ಬಡಿದರೆ ಬಾಳೆ ಎಲೆಯ ಅಂಚು ಸುಟ್ಟಂತೆ ಕಂದುತ್ತದೆ. ಅದಕ್ಕೆ ಬೇರು ಬೆಚ್ಚಗಿರಲೆಂದು ಮಣ್ಣಿನೊಳಗೆ ಕರೆಂಟಿನ ತಂತಿ ಹಾಸಿದ್ದೇವೆ. ತಲೆಗೆ ತಂಪು, ಕಾಲಿಗೆ ಕಾವು. ಇಷ್ಟೆಲ್ಲ ಮಾಡಿದರೂ ಗಿಡ ಮೂರು ವಾರಕ್ಕೆ ಸೋಲುತ್ತದೆ. ಸೋತದ್ದನ್ನು ಹಿಂಬಾಗಿಲಿನಿಂದ ಹೊರಗಿನ ನೆರಳುಬಲೆಯ ಅಂಗಳಕ್ಕೆ ಹೊತ್ತೊಯ್ದು ಸುಧಾರಿಸಿಕೊಳ್ಳಲು ಬಿಡಬೇಕು, ಚಿಗುರಿದ್ದನ್ನು ಒಳಗೆ ತರಬೇಕು. ಅಂಗಳದಲ್ಲಿ ಮಂಜು ಚಿಮ್ಮುವ ಫ್ಯಾನುಗಳಿವೆ. ಅವುಗಳ ಮುಖ ಗಿಡದ ಕಡೆಗೆ. ಇಲ್ಲಿ ಬಾಳೆಗಿಡಕ್ಕೆ ವಿಶ್ರಾಂತಿ ಉಂಟು, ಬಾಳೆ ಹೊರುವವನಿಗೆ ಇಲ್ಲ.

ಬೇಸಿಗೆಯಲ್ಲಿ ನಡುಮಧ್ಯಾಹ್ನ ಎರಡೂವರೆ ತಾಸು ಬಯಲಲ್ಲಿ ಯಾರನ್ನೂ ದುಡಿಸಬಾರದೆಂದು ಈ ದೇಶದಲ್ಲಿ ಕಾನೂನಿದೆ. ಆದರೆ ಕಂಪನಿಯ ಕಾಗದದಲ್ಲಿ ಧನುಷ್ 'ಒಳತೋಟದ ಸಿಬ್ಬಂದಿ'. ಒಳಗಿನವನಿಗೆ ಬಿಸಿಲಿನ ಕಾನೂನು ಯಾಕೆ? ಅತಿಥಿಗಳು ಊಟಕ್ಕೆ ಕೂತ ಹೊತ್ತಿನಲ್ಲೇ ಗಿಡ ಬದಲಿಸಬೇಕು, ಮಣ್ಣಿನ ಕೈ ಅವರ ಕಣ್ಣಿಗೆ ಬೀಳಬಾರದು. ಆ ಹೊತ್ತು ಯಾವುದು ಹೇಳು? ಅದೇ ನಡುಮಧ್ಯಾಹ್ನ. ಅವನನ್ನು ಇಲ್ಲಿಗೆ ಕರೆಸಿದವಳು ನಾನು. "ಎ.ಸಿ. ಒಳಗಿನ ಕೆಲಸ, ಬಾ" ಎಂದವಳು ನಾನು. ದಿನಾ ಯಾವ ಕುಂಡ ಹೊರಗೆ, ಯಾವುದು ಒಳಗೆ ಎಂದು ಪಟ್ಟಿ ಬರೆದು ಅವನ ಕೈಗೆ ಕೊಡುತ್ತಿದ್ದವಳೂ ನಾನೇ.

ಗೌಡರ ಜೋಳದ ಹೊಲದಲ್ಲಿ ನೀನು ಅಟ್ಟಣೆ ಹತ್ತಿ ಹಕ್ಕಿ ಕಾಯುತ್ತಿದ್ದುದು ನೆನಪಿದೆಯಲ್ಲ. ತೆನೆ ಅವರದು, ಗಂಟಲು ನಿನ್ನದು. ಕವಣೆಗೂ ಬೆದರದ ಹಿಂಡು ಬಂದಾಗ ನೀನು ಹಲ್ಲಿನ ಸಂದಿಯಿಂದ ಆ ಸಣ್ಣ ಸೀಟಿ ಎಳೆಯುತ್ತಿದ್ದೆ, ಕೊನೆಗೆ ನಾಲಿಗೆಯಲ್ಲಿ ಎರಡು ಚಿಟುಕು. ಗಿಡುಗ ಕಂಡಾಗ ಹಕ್ಕಿಗಳು ತಮ್ಮವರಿಗೆ ಕೊಡುವ ಸುದ್ದಿ ಅದು. ಹಿಂಡಿಗೆ ಹಿಂಡೇ ತೆನೆ ಬಿಟ್ಟು ಜಾಲಿಮುಳ್ಳಿನೊಳಗೆ ಮುಳುಗುತ್ತಿತ್ತು. ನಾವು ಅದನ್ನು ಕಲಿತು ಆಟಕ್ಕೆ ಕೂಗಿದ ದಿನ ನೀನು ಬಾಸುಂಡೆ ಬರಿಸಿದೆ. "ಗಿಡಗ ಬರದ ಗಿಡಗನ ಕೂಗು ಹಾಕಬ್ಯಾಡ್ರಿ. ನಾಳೆ ಖರೇನ ಬಂದಾಗ ಅವು ನಂಬಂಗಿಲ್ಲ, ಪಾಪ ನಿಮಗ ತಟ್ಟತೈತಿ." ನಾನು ಮರೆತೆ. ಅವನು ಮರೆಯಲಿಲ್ಲ.

ಒಳತೋಟದ ಗಿಡಗಳ ನಡುವೆ ಸ್ಪೀಕರುಗಳನ್ನು ಹುದುಗಿಸಿ ಹಕ್ಕಿಯ ದನಿ ಹಾಕುತ್ತಿದ್ದರು. ಬೇರೆ ಹೋಟೆಲ್ಲಿನಲ್ಲೂ ಇದೇ ದನಿ ಕೇಳಿದೆ ಎಂದು ಯಾರೋ ಅತಿಥಿ ಗೊಣಗಿದರಂತೆ. ಧನುಷ್ ಅಂಗಳದಲ್ಲಿ ಗುಬ್ಬಿ, ಪಾರಿವಾಳ, ಬುಲ್‌ಬುಲ್ ಎಂದು ಅಣಕಿಸುತ್ತಿದ್ದುದನ್ನು ನಮ್ಮ ಮ್ಯಾನೇಜರ್ ಥಾಮಸ್ ಕೇಳಿದ್ದ. ಜೂನ್ ಕೊನೆಯಲ್ಲಿ ಮೈಕು ತಂದು ಅವನ ಮುಂದೆ ಹಿಡಿದ. ನೂರು ದನಿ ಗೊತ್ತಿದ್ದ ನಿನ್ನ ಮಗ ಕೊಟ್ಟದ್ದು ಆ ಒಂದನ್ನೇ. ಥಾಮಸ್ "ಬ್ಯೂಟಿಫುಲ್, ಬ್ಯೂಟಿಫುಲ್" ಎಂದು ತಲೆದೂಗಿದ. ನಾನು ಸಿಟ್ಟಿನಿಂದ, "ಅವ್ವ ಏನ್ ಹೇಳಿದ್ಲು ಮರೆತ್ಯೇನೋ? ಗಿಡಗ ಬರದ ಆ ಕೂಗು ಹಾಕಬಾರದು" ಎಂದೆ. ಅವನು ತನ್ನ ಮುರಿದ ಮುಂದಿನ ಹಲ್ಲು ತೋರಿಸಿ ನಕ್ಕ. "ಬಂದೈತಿ ಅಕ್ಕಾ. ನಿನಗ ಕಂಡಿಲ್ಲ, ಅಷ್ಟ."

ಹನ್ನೆರಡು ದಿನ ಕಳೆದಿರಲಿಲ್ಲ. ಅಂಗಳದಲ್ಲಿ ಕುಂಡವನ್ನು ತಬ್ಬಿಕೊಂಡೇ ಬಿದ್ದಿದ್ದ. ನಾನು ಓಡಿಹೋಗಿ ಹಣೆ ಮುಟ್ಟಿದೆ, ಹಂಚು ಮುಟ್ಟಿದಂತಾಯಿತು. ಬೆವರು ಒಂದು ಹನಿಯೂ ಇರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ 'ಹೃದಯ ನಿಂತು ಸಹಜ ಸಾವು' ಎಂದು ಬಂತು. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ ಅವ್ವ? ಅದನ್ನು ನಿಲ್ಲಿಸಿದ್ದು ಯಾವುದು ಎಂದು ಯಾರೂ ಬರೆಯಲಿಲ್ಲ.

ಇನ್ನು ಹೇಳುವುದನ್ನು ಗಟ್ಟಿಮನಸ್ಸಿನಿಂದ ಕೇಳು. ಮರುದಿನ ಥಾಮಸ್ ಇಂಗ್ಲಿಷಿನ ಕಾಗದ ತಂದ. ಧನುಷ್ ಅಂದು ಬೆಳಗಿನಿಂದ ಹತ್ತೊಂಬತ್ತು ಡಿಗ್ರಿಯ ಒಳತೋಟದಲ್ಲೇ ಇದ್ದ, ಬಿಸಿಲಿಗೆ ಹೋಗಿಯೇ ಇಲ್ಲ ಎಂದು ಅದರಲ್ಲಿತ್ತು. "ಸೈನ್ ಮಾಡಿ ಗಾನವಿ, ಬಾಡಿ ಬೇಗ ಊರಿಗೆ ಹೋಗತ್ತೆ. ಅಮ್ಮ ಕಾಯ್ತಾ ಇಲ್ಲವಾ? ಸೈನ್ ಮಾಡಿ, ಖಲಾಸ್" ಎಂದ, ತನ್ನ ಕೇಳಿ ಕಲಿತ ಕನ್ನಡದಲ್ಲಿ. ನೀನು ಮಗನ ಮುಖ ನೋಡಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಸಹಿ ಹಾಕಿಬಿಟ್ಟೆ. ನಾವು ಕೈಯಾರೆ ಮಾಡಿದ ಆ ತಣ್ಣನೆಯ ಕಾಡು ನನ್ನ ತಮ್ಮನ ಸಾವಿಗೆ ಸುಳ್ಳುಸಾಕ್ಷಿಯಾಯಿತು. ಆ ಸುಳ್ಳಿನ ಕೆಳಗಿನ ಹೆಸರು ನನ್ನದು.

ಅವನ ವೀಸಾ ರದ್ದಾಯಿತು, ಮಲಗುವ ಜಾಗ ಬೇರೆಯವನಿಗೆ ಹೋಯಿತು. ದನಿಗೆ ಮಾತ್ರ ಬಿಡುಗಡೆ ಇಲ್ಲ. ಅರ್ಧ ತಾಸಿಗೊಮ್ಮೆ ಕೆಸುವಿನ ಮರೆಯಿಂದ ಅವನು ಕೂಗುತ್ತಾನೆ. ಮುರಿದ ಹಲ್ಲಿನ ಸಂದಿಯಿಂದ ಗಾಳಿ ಸೋರುವುದು ಕೂಡ ಕೇಳಿಸುತ್ತದೆ. ಸಾಮಾನು ಇಳಿಸುವ ಬಾಗಿಲಿನಿಂದ ಎರಡು ಗೊರವಂಕ ಒಳಗೆ ಸೇರಿಕೊಂಡಿವೆ. ಆ ಕೂಗು ಎದ್ದಾಗಲೆಲ್ಲ ಅವು ಎಲೆಯಡಿ ನುಗ್ಗಿ ಉಸಿರು ಹಿಡಿದು ಕೂರುತ್ತವೆ. ಅತಿಥಿಗಳು ಫೋನು ಎತ್ತಿ ವಿಡಿಯೊ ಮಾಡುತ್ತಾರೆ. ಇಡೀ ಕಾಡಿನಲ್ಲಿ ಅದರ ಅರ್ಥ ತಿಳಿಯುವುದು ಮೂರೇ ಜೀವಕ್ಕೆ, ಆ ಎರಡು ಹಕ್ಕಿಗೆ ಮತ್ತು ನನಗೆ. ಮೊನ್ನೆ ಅವನು ನೆಟ್ಟ ಬಾಳೆಯ ಬುಡಕ್ಕೆ ಕೈ ಹಾಕಿದೆ. ತಂತಿಯ ಕಾವಿಗೆ ಮಣ್ಣು ಬೆಚ್ಚಗಿತ್ತು ಅವ್ವ, ಜ್ವರದ ಮೈಯಂತೆ. ಕೈ ತೆಗೆಯಲೂ ಆಗಲಿಲ್ಲ, ಇಡಲೂ ಆಗಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ಅವನು ಕೂಗಿದ. ನಾನೂ ಆ ಗೊರವಂಕಗಳ ಹಾಗೆ ಎಲೆಯಡಿ ತಲೆ ತಗ್ಗಿಸಿ ಕೂತೆ. ಹಾಗೆ ಕೂತಾಗಲೇ ನನ್ನ ಮೇಲೆ ನನಗೆ ಹೇಸಿಗೆ ಬಂದದ್ದು.

ಆ ಬಾಳೆಯ ಕುಂಡದ ಕತ್ತಿನಲ್ಲಿ ಪ್ಲಾಸ್ಟಿಕ್ ಚೀಟಿಯೊಂದು ಮಣ್ಣು ಮೆತ್ತಿಕೊಂಡು ನೇತಾಡುತ್ತಿತ್ತು. ಒರೆಸಿ ನೋಡಿದೆ. ೯-೭, ೧೨-೪೦. ಅವನು ಬಿದ್ದ ದಿನ, ಅವನ ಕೈಬರಹ! ಪ್ರತಿ ಗಿಡವನ್ನು ಹೊರಗೆ ಒಯ್ದ ದಿನ, ಹೊತ್ತು ಬರೆದು ಕಟ್ಟುವುದು ನಮ್ಮ ರೂಢಿ. ನಮ್ಮೂರ ಶಾಲೆಯ ಕನ್ನಡ ಅಂಕಿಯಲ್ಲೇ ಬರೆಯುತ್ತಿದ್ದ ಅವನು. ನಾನು ಬೈದರೆ "ನೀ ಓದಾಕತ್ತೀಯಲ್ಲ, ಸಾಕು" ಎನ್ನುತ್ತಿದ್ದ. ಇದೇ ಲೆಕ್ಕ ಇದ್ದ ಆಫೀಸಿನ ಪುಸ್ತಕ ಅವನು ಹೋದ ಮರುದಿನವೇ ಕಾಣೆಯಾಗಿದೆ. ಈ ಚೀಟಿಗಳನ್ನು ಯಾರೂ ಕಿತ್ತಿಲ್ಲ, ಅವರ ಕಣ್ಣಿಗೆ ಅವು ಬರೀ ಗೀಚು. ಒಂದೊಂದೇ ಕುಂಡ ಹುಡುಕಿದೆ. ಅದೇ ದಿನದ್ದು ಸಿಕ್ಕದ್ದು ಹನ್ನೊಂದು. ಕೊನೆಯದರಲ್ಲಿ ೨-೦೫ ಎಂದಿದೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಅವನು ಬಿದ್ದಿದ್ದ.

ಸೋಮವಾರ ಅವನ್ನು ತೆಗೆದುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುತ್ತೇನೆ. ನಾನು ಸಹಿ ಮಾಡಿದ್ದು ಸುಳ್ಳು ಎಂದು ನನ್ನ ಬಾಯಿಂದಲೇ ಹೇಳುತ್ತೇನೆ. ಕೆಲಸ ಹೋಗಬಹುದು. ಸುಳ್ಳು ಬರೆದದ್ದಕ್ಕೆ ನನ್ನನ್ನೇ ಹಿಡಿಯಲೂಬಹುದು. ಹಿಡಿಯಲಿ. ನಿನ್ನ ಮಗ ಬಿಸಿಲಿನಲ್ಲಿ ಸತ್ತ ಎಂಬ ಒಂದು ಸಾಲು ಎಲ್ಲಾದರೂ ದಾಖಲಾಗಬೇಕು. ನನ್ನನ್ನು ಕ್ಷಮಿಸು ಎಂದು ಈಗಲೇ ಕೇಳುವುದಿಲ್ಲ. ಆ ಸಾಲು ಬರೆಸಿದ ಮೇಲೆ ಕೇಳುತ್ತೇನೆ.

ಖತೀಜಮ್ಮನಿಗೆ ನನ್ನ ಸಲಾಮು. ಅವನ ಮಣ್ಣಿನ ಮೇಲೆ ನೀನು ನೆಟ್ಟ ಕಣಗಿಲೆಗೆ ಸಂಜೆ ಹೊತ್ತು ನೀರು ಹಾಕು. ರೊಟ್ಟಿ ತಿನ್ನು.

ನಿನ್ನ ಮಗಳು
ಗಾನವಿ

ತಾ.ಕ.: ಮೆಲ್ವಿನ್ ಕೆಳಗೆ ಟ್ಯಾಕ್ಸಿಯಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮಂಗಳವಾರ ಕಂಪನಿಯ ಕಡೆಯವನೊಬ್ಬ ನಮ್ಮ ಮನೆಗೆ ಬರುತ್ತಾನೆಂದು ಈಗಷ್ಟೇ ಆಫೀಸಿನವರೊಬ್ಬರು ಗುಟ್ಟಾಗಿ ತಿಳಿಸಿದರು. ಸಿಹಿ ಮಾತಾಡುತ್ತಾನೆ, ಧನುಷ್‌ನ ದೊಡ್ಡ ಫೋಟೊ ತರುತ್ತಾನೆ. ಮಗನಿಗೆ ಮೊದಲೇ ಕಾಯಿಲೆ ಇತ್ತು, ನಮ್ಮದೇನೂ ತಕರಾರಿಲ್ಲ ಎಂಬ ಕಾಗದ ಅದರ ಹಿಂದೆ ಇರುತ್ತದೆ. ಫೋಟೊ ಇಸಿದುಕೋ. ಹೆಬ್ಬೆಟ್ಟು ಒತ್ತಬೇಡ. ನಾನು ಮಾಡಿದ ತಪ್ಪನ್ನು ನೀನು ಮಾಡಬೇಡ. ನಮ್ಮ ಕೇರಿಯಲ್ಲಿ ಇನ್ನೂ ನಾಲ್ಕು ಜನ ಇದೇ ಕಂಪನಿಗೆ ಹೊರಟಿದ್ದಾರಂತೆ, ಅವರ ತಾಯಂದಿರೂ ಹತ್ತಿರದಲ್ಲೇ ಇರುತ್ತಾರೆ. ಆ ಕಂಪನಿಯವನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಕೇಳುವ ಹಾಗೆ ನಿನ್ನ ಆ ಕೂಗು ಹಾಕು ಅವ್ವ. ಪಾಪ ತಟ್ಟುವುದಿಲ್ಲ. ಗಿಡುಗ ಬಂದಿದೆ.